‘ನಾಲ್ಕು ಜನ ಏನೆಂದಾರು’ ಎಂಬ ಅಳುಕು ಅಮೆರಿಕಕ್ಕೂ ಇತ್ತು

1965ರ ಮಾರ್ಚ್ 7, ಭಾನುವಾರ. ಅಲಬಾಮಾ ರಾಜ್ಯದ ಸೆಲ್ಮಾ ಎಂಬ ಸಣ್ಣ ಊರಿನಲ್ಲಿ, ಮತದಾನದ ಹಕ್ಕು ಕೇಳಿ ಹೊರಟಿದ್ದ ಸುಮಾರು 600 ಮಂದಿ ಕಪ್ಪು ವರ್ಣೀಯರು ಸೇತುವೆ ದಾಟುತ್ತಿದ್ದಂತೆ ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಮುಗಿಬಿದ್ದರು. ಮುಂದಿನ ಸಾಲಿನಲ್ಲಿದ್ದ 25 ವರ್ಷದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರಿಯಿತು. ಆ ರಾತ್ರಿ ಒಂದು ಟಿ.ವಿ. ಜಾಲ ತಾನು ತೋರಿಸುತ್ತಿದ್ದ ಸಿನಿಮಾವನ್ನು ನಡುವೆಯೇ ನಿಲ್ಲಿಸಿ ಸೆಲ್ಮಾದ ದೃಶ್ಯಗಳನ್ನು ಪ್ರಸಾರ ಮಾಡಿತು. ಸಿನಿಮಾದ ವಸ್ತು ನಾಜಿಗಳ ವಿಚಾರಣೆ. ಕೆಲವರಿಗೆ ಸಿನಿಮಾ ನಿಂತು ಸುದ್ದಿ ಶುರುವಾದದ್ದೇ ತಕ್ಷಣ ತಿಳಿಯಲಿಲ್ಲವಂತೆ.

ಭೂಮಿಯ ಆ ಬದಿಯಲ್ಲಿ ಆಗ ಸೋಮವಾರದ ಬೆಳಗು. ವಿಯೆಟ್ನಾಮಿನ ಡಾ ನಾಂಗ್ ಕಡಲ ದಂಡೆಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಮೆರಿಕದ ಮೆರೀನ್ ಯೋಧರು ಇಳಿದರು. ಒಟ್ಟು 3,500 ಮಂದಿಯ ತುಕಡಿ. ಸೆಲ್ಮಾದ ಗಡಿಯಾರದಲ್ಲಿ ಅದಿನ್ನೂ ಅದೇ ಭಾನುವಾರದ ಸಂಜೆ ಏಳು ಗಂಟೆ. ದಂಡೆಯಲ್ಲಿ ಯೋಧರಿಗಾಗಿ ಕಾದಿದ್ದವರು ಹೂಮಾಲೆ ಹಿಡಿದ ಹುಡುಗಿಯರು. ಬ್ರಿಗೇಡಿಯರ್ ಜನರಲ್ ಫ್ರೆಡರಿಕ್ ಕಾರ್ಚ್ ಕೊರಳಲ್ಲಿ ಮಾಲೆ ಹಾಕಿಸಿಕೊಂಡು, ಮದುವೆ ಮನೆಗೆ ತಪ್ಪಿ ಬಂದವರಂತೆ ಮುಖ ಬಿಗಿದುಕೊಂಡು ನಿಂತಿರುವ ಫೋಟೊ ಈಗಲೂ ನೋಡಸಿಗುತ್ತದೆ.

ಎರಡೂ ಸುದ್ದಿ ಬಂದು ಕುಳಿತದ್ದು ಒಬ್ಬರದೇ ಮೇಜಿನ ಮೇಲೆ. ಅವರು ಲಿಂಡನ್ ಜಾನ್ಸನ್, ಅಮೆರಿಕದ 36ನೇ ಅಧ್ಯಕ್ಷ.

ಇವತ್ತಿನ ಅಮೆರಿಕದ ಸುದ್ದಿ ಓದುವಾಗ ನನಗೆ ಮತ್ತೆ ಮತ್ತೆ ಎದುರಾಗುವುದು ಆ ವರ್ಷ. 2025ರ ಜನವರಿ 21ರಂದು, ಅಧಿಕಾರಕ್ಕೆ ಬಂದ ಮರುದಿನವೇ, ಡೊನಾಲ್ಡ್ ಟ್ರಂಪ್ ರದ್ದು ಮಾಡಿದ ಆದೇಶಗಳಲ್ಲಿ 11246 ಸಂಖ್ಯೆಯದೂ ಒಂದು. ಸರ್ಕಾರಿ ಗುತ್ತಿಗೆ ಪಡೆಯುವ ಕಂಪನಿಗಳು ನೇಮಕದಲ್ಲಿ ಬಣ್ಣ ನೋಡಬಾರದು, ಅವಕಾಶ ತಪ್ಪಿದವರನ್ನು ಒಳಗೆ ತರಲು ತಾವಾಗಿಯೇ ಮುಂದಾಗಬೇಕು ಎಂದು ಜಾನ್ಸನ್ 1965ರ ಸೆಪ್ಟೆಂಬರಿನಲ್ಲಿ ಹೊರಡಿಸಿದ್ದ ಆದೇಶ ಅದು. ಮತದಾನ ಹಕ್ಕಿನ ಕಾಯ್ದೆಯೂ 1965ರದೇ. ಅದರ ಮುಖ್ಯ ಕೀಲನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಕಳಚಿತು. ವಲಸೆಯ ಹೆಸರಿನಲ್ಲಿ ಈಗ ನಡೆಯುತ್ತಿರುವ ಜಗಳದ ಬುಡದಲ್ಲಿ ಕುಳಿತಿರುವುದೂ 1965ರ ಇನ್ನೊಂದು ಕಾಯ್ದೆ. ಮನೆಯ ಜಂತಿಗಳನ್ನು ಒಂದೊಂದಾಗಿ ಬಿಚ್ಚುತ್ತಿರುವಾಗ, ಅದನ್ನು ಕಟ್ಟಿದ್ದು ಯಾವ ಆಸರೆಯ ಮೇಲೆ ಎಂದು ನೋಡಬೇಕಾಗುತ್ತದೆ.

ಒಂದು ಆಸರೆ ಸೋವಿಯತ್ ಒಕ್ಕೂಟದ ಭಯ ಎಂಬುದು ನನ್ನ ವಾದ. ಮನೆಯೊಳಗೆ ಜಗಳ ಜೋರಾದಾಗ ನಮ್ಮ ಹಿರಿಯರು ‘ನಾಲ್ಕು ಜನ ಕೇಳಿಸಿಕೊಂಡರೆ ಏನೆಂದಾರು’ ಎಂದು ಕಿಟಕಿ ಮುಚ್ಚುತ್ತಾರೆ. ಅಮೆರಿಕಕ್ಕೂ ಆಗ ಅಂಥ ನಾಲ್ಕು ಜನ ಇದ್ದರು: ಏಷ್ಯಾ, ಆಫ್ರಿಕಾದ ಹೊಸ ದೇಶಗಳು. ಈಗಲೂ ಚೀನಾ ಎಂಬ ಎದುರಾಳಿ ಇದೆ, ಪೈಪೋಟಿ ಜೋರಾಗಿಯೇ ಇದೆ. ಆ ನಾಲ್ಕು ಜನರ ಅಳುಕು ಮಾತ್ರ ಇಲ್ಲ.

ಈ ಅಳುಕು ಊಹೆಯ ಮಾತಲ್ಲ, ಸರ್ಕಾರಿ ಕಾಗದದಲ್ಲೇ ಇದೆ. ಶಾಲೆಗಳಲ್ಲಿ ವರ್ಣಭೇದದ ಪ್ರಕರಣ 1952ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದಾಗ ಅಮೆರಿಕದ ನ್ಯಾಯಾಂಗ ಇಲಾಖೆ ತಾನಾಗಿ ಒಂದು ಅಹವಾಲು ಸಲ್ಲಿಸಿತು. ದೇಶದೊಳಗಿನ ಭೇದಭಾವ ಕಮ್ಯುನಿಸ್ಟರ ಪ್ರಚಾರಕ್ಕೆ ಮೇವಾಗುತ್ತಿದೆ ಎಂಬುದು ಅದರ ಒಂದು ಮುಖ್ಯ ವಾದ. 1955ರಲ್ಲಿ ಹ್ಯೂಸ್ಟನ್ ವಿಮಾನ ನಿಲ್ದಾಣದ ಉಪಾಹಾರ ಗೃಹದಲ್ಲಿ ಭಾರತದ ರಾಯಭಾರಿ ಜಿ.ಎಲ್. ಮೆಹ್ತಾ ಅವರನ್ನು ಬಿಳಿಯರ ಜಾಗದಲ್ಲಿ ಕೂರಲು ಬಿಡಲಿಲ್ಲ. ವಿದೇಶಾಂಗ ಕಾರ್ಯದರ್ಶಿ ಡಲೆಸ್ ಕ್ಷಮೆ ಕೇಳಬೇಕಾಯಿತು. 1960 ಒಂದೇ ವರ್ಷದಲ್ಲಿ 17 ದೇಶಗಳು ವಿಶ್ವಸಂಸ್ಥೆ ಸೇರಿದವು, ಅವುಗಳಲ್ಲಿ 16 ಆಫ್ರಿಕಾದವು. ಅವರ ರಾಯಭಾರಿಗಳು ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಕಾರಿನಲ್ಲಿ ಹೋಗುವಾಗ ಮೇರಿಲ್ಯಾಂಡಿನ 40ನೇ ಹೆದ್ದಾರಿಯ ಹೋಟೆಲುಗಳಲ್ಲಿ ಒಂದು ಲೋಟ ಕಾಫಿಯೂ ಸಿಗುತ್ತಿರಲಿಲ್ಲ. ‘ಅವರು ವಿಮಾನದಲ್ಲಿ ಹೋಗಲಿ’ ಎಂಬುದು ಕೆನಡಿಯವರ ಮೊದಲ ಪ್ರತಿಕ್ರಿಯೆಯಾಗಿತ್ತು ಎಂದು ಹೇಳುತ್ತಾರೆ. ಆದರೆ ವಿಶ್ವಸಂಸ್ಥೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮತ ಇತ್ತು. ಕಾಫಿ ಕೊಡದವರ ಲೆಕ್ಕ ಬೇಗನೆ ಶ್ವೇತಭವನಕ್ಕೆ ಮುಟ್ಟಿತು. 1963ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಕಪ್ಪು ವರ್ಣೀಯ ಮಕ್ಕಳ ಮೇಲೆ ನಾಯಿ ಛೂ ಬಿಟ್ಟ ಚಿತ್ರಗಳು ಜಗತ್ತು ಸುತ್ತಿದ ಮೇಲೆ, ನಾಗರಿಕ ಹಕ್ಕು ಮಸೂದೆಯ ಪರವಾಗಿ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ಹೇಳಿದವರಲ್ಲಿ ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಕೂಡ ಒಬ್ಬರು. ಹೋಟೆಲಿನಲ್ಲಿ ಯಾರಿಗೆ ಊಟ ಹಾಕಬೇಕು ಎಂಬ ಮಸೂದೆಗೆ ವಿದೇಶಾಂಗ ಕಾರ್ಯದರ್ಶಿಯ ಸಾಕ್ಷ್ಯ!

ಹಾಗೆಂದು ಹಕ್ಕುಗಳನ್ನು ಮಾಸ್ಕೋ ಕೊಡಿಸಿತು ಎಂದುಬಿಟ್ಟರೆ ಸೆಲ್ಮಾದ ಸೇತುವೆಯ ಮೇಲೆ ಪೆಟ್ಟು ತಿಂದವರಿಗೆ ಅನ್ಯಾಯವಾಗುತ್ತದೆ. ಬಾಗಿಲು ಬಡಿದವರು ಅವರು. ಒಳಗಿದ್ದವರಿಗೆ ಸದ್ದು ಕೇಳಿಸುವಂತೆ ಮಾಡಿದ್ದರಲ್ಲಿ ಹೊರಗಿನ ಪೈಪೋಟಿಯ ಪಾಲಿತ್ತು, ಅಷ್ಟೆ. ಅದೇ ಪೈಪೋಟಿಯ ಹೆಸರಿನಲ್ಲಿ ಎಫ್‌ಬಿಐ ಮುಖ್ಯಸ್ಥ ಹೂವರ್ ಮಾರ್ಟಿನ್ ಲೂಥರ್ ಕಿಂಗ್ ಅವರ ಸುತ್ತ ಕಮ್ಯುನಿಸ್ಟರನ್ನು ಹುಡುಕುತ್ತಾ ಫೋನ್ ಕದ್ದು ಕೇಳಿಸುತ್ತಿದ್ದರು.

ಜಾನ್ಸನ್ ವಿಚಿತ್ರ ಮನುಷ್ಯ. ಟೆಕ್ಸಾಸಿನ ಒಣನಾಡಿನವರು, ಆರಡಿಗಿಂತ ಎತ್ತರ, ಎದುರಿನವರ ಮುಖಕ್ಕೆ ಮುಖ ತಾಗುವಷ್ಟು ಬಗ್ಗಿ ಮಾತಾಡಿ ಮತ ಕಿತ್ತುಕೊಳ್ಳುವವರು. ಸೆನೆಟರ್ ಆಗಿ ದಕ್ಷಿಣದ ಬಿಳಿಯರ ಜೊತೆ ನಿಂತು ಹಕ್ಕು ಮಸೂದೆಗಳನ್ನು ವರ್ಷಗಟ್ಟಲೆ ವಿರೋಧಿಸಿದವರು. ಅದಕ್ಕೂ ಮುಂಚೆ, 1928ರಲ್ಲಿ, ಕೊಟುಲ್ಲಾ ಎಂಬ ಊರಿನಲ್ಲಿ ಬಡ ಮೆಕ್ಸಿಕನ್ ಮಕ್ಕಳಿಗೆ ಮೇಷ್ಟರಾಗಿದ್ದವರು. ಈ ಎರಡರಲ್ಲಿ ಯಾವುದು ನಿಜವಾದ ಜಾನ್ಸನ್ ಎಂದು ಇತಿಹಾಸಕಾರರು ಇನ್ನೂ ಗುದ್ದಾಡುತ್ತಿದ್ದಾರೆ. ನನಗೆ ಎರಡೂ ನಿಜವೆಂದೇ ಅನ್ನಿಸುತ್ತದೆ.

ಸೆನೆಟ್ ಎಂಬ ಯಂತ್ರದ ಪ್ರತಿಯೊಂದು ತಿರುಪನ್ನೂ ಅವರು ಬಲ್ಲವರಾಗಿದ್ದರು. ಅಲ್ಲಿ ಮಸೂದೆಯನ್ನು ಸಾಯಿಸಲು ಸೋಲಿಸಬೇಕಾಗಿಲ್ಲ, ಮಾತು ನಿಲ್ಲಿಸದಿದ್ದರೆ ಸಾಕು. 1964ರಲ್ಲಿ ಆ ನಾಗರಿಕ ಹಕ್ಕು ಮಸೂದೆಯನ್ನು ತಡೆಯಲು ರಾಬರ್ಟ್ ಬರ್ಡ್ ಎಂಬ ಸದಸ್ಯರು ಒಬ್ಬರೇ 14 ಗಂಟೆಗೂ ಮೀರಿ ಮಾತಾಡಿದರು. ಮಾತು ಸಾಕು ಎನ್ನಲು ಆಗ 67 ಮತ ಬೇಕಿತ್ತು. 1964ರ ಜೂನ್ 10ರಂದು ಹೆಸರು ಕರೆಯುವಾಗ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರ ಸರದಿ ಬಂತು. ಮಿದುಳಿನ ಗೆಡ್ಡೆಯಿಂದ ಅವರ ಮಾತು ನಿಂತುಹೋಗಿತ್ತು, ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಅವರು ಕಷ್ಟಪಟ್ಟು ಕೈ ಎತ್ತಿ ತಮ್ಮ ಕಣ್ಣನ್ನು ಮುಟ್ಟಿ ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ‘ಹೌದು’ ಎಂಬ ಮತಕ್ಕೂ ಉಚ್ಚಾರ ಒಂದೇ. 71–29. ವಿರೋಧ ಪಕ್ಷವಾದ ರಿಪಬ್ಲಿಕನ್ನರ 33 ಮಂದಿಯಲ್ಲಿ 27 ಮಂದಿ ಮಸೂದೆಯ ಪರವಾಗಿ ಕೈಯೆತ್ತಿದರು ಎಂಬುದನ್ನು ಇವತ್ತು ಓದಿದರೆ ಬೇರೆ ಯಾವುದೋ ದೇಶದ ಕಥೆಯೆನ್ನಿಸುತ್ತದೆ. ಎಂಗಲ್ ಮುಂದಿನ ತಿಂಗಳು ತೀರಿಕೊಂಡರು.

ಆ ವರ್ಷದ ನವೆಂಬರಿನಲ್ಲಿ ಜಾನ್ಸನ್ ಶೇ 61ರಷ್ಟು ಮತ ಪಡೆದು ಗೆದ್ದರು. ಗೆದ್ದ ಮೇಲಿನ ಬೇಸಿಗೆಯ ಹದಿನೈದು ದಿನಗಳನ್ನು ಮಾತ್ರ ಪಂಚಾಂಗದಂತೆ ಮುಂದಿಟ್ಟುಕೊಂಡರೂ ಸಾಕು, ಆ ಆಡಳಿತವಿಡೀ ಅರ್ಥವಾಗುತ್ತದೆ. 1965ರ ಜುಲೈ 28: ವಿಯೆಟ್ನಾಮಿನ ಸೇನೆಯನ್ನು 75 ಸಾವಿರದಿಂದ 1.25 ಲಕ್ಷಕ್ಕೆ ಏರಿಸುವ ಘೋಷಣೆ. ಅದೂ ರಾತ್ರಿ ಎಲ್ಲರೂ ಟಿ.ವಿ. ಮುಂದೆ ಕುಳಿತಾಗ ಅಲ್ಲ. ಮಧ್ಯಾಹ್ನದ ಪತ್ರಿಕಾಗೋಷ್ಠಿಯಲ್ಲಿ, ಹತ್ತರಲ್ಲಿ ಹನ್ನೊಂದನೆಯ ಸುದ್ದಿಯೆಂಬಂತೆ. ಜುಲೈ 30: 65 ದಾಟಿದವರಿಗೆ ಆಸ್ಪತ್ರೆ ವೆಚ್ಚ ಕೊಡುವ ಮೆಡಿಕೇರ್ ಕಾಯ್ದೆಗೆ ಸಹಿ. ಆಗಸ್ಟ್ 6: ಮತದಾನ ಹಕ್ಕಿನ ಕಾಯ್ದೆಗೆ ಸಹಿ. ಆಗಸ್ಟ್ 11: ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಗೆ ಬೆಂಕಿ, 34 ಸಾವು.

ಕಾಯ್ದೆಗಳು ಕಾಗದದಲ್ಲಿ ಉಳಿಯಲಿಲ್ಲ. ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ವರ್ಣೀಯರ ಪ್ರಮಾಣ ಎರಡೇ ವರ್ಷಗಳಲ್ಲಿ ಶೇ 7ಕ್ಕಿಂತ ಕಡಿಮೆ ಇದ್ದದ್ದು ಶೇ 60ರ ಹತ್ತಿರ ಬಂತು. ಬಿಳಿಯರಿಗೊಂದು ವಾರ್ಡು, ಕಪ್ಪು ಜನರಿಗೊಂದು ವಾರ್ಡು ಇಟ್ಟುಕೊಂಡ ಆಸ್ಪತ್ರೆಗೆ ಮೆಡಿಕೇರ್ ಹಣ ಇಲ್ಲ ಎಂದು ಸರ್ಕಾರ ಪಟ್ಟು ಹಿಡಿದಾಗ, ನೂರು ವರ್ಷ ಅಲುಗಾಡದ ಗೋಡೆಗಳು ಕೆಲವೇ ತಿಂಗಳಲ್ಲಿ ಬಿದ್ದವು. ಉಪದೇಶಕ್ಕೆ ಬಾಗದವರು ಬಿಲ್ಲಿಗೆ ಬಾಗಿದರು. 1964ರಲ್ಲಿ ಶೇ 19ರಷ್ಟಿದ್ದ ಬಡತನ 1968ಕ್ಕೆ ಶೇ 12.8ಕ್ಕೆ ಇಳಿಯಿತು. ಆರ್ಥಿಕತೆ ಆಗ ಬೆಳೆಯುತ್ತಲೇ ಇತ್ತು, ಹಾಗಾಗಿ ಪೂರ್ತಿ ಶ್ರೇಯಸ್ಸು ಕಾಯ್ದೆಗಳಿಗಲ್ಲ.

ಹಾಗಾದರೆ ಯುದ್ಧ ಯಾಕೆ? ಜಾನ್ಸನ್ ತಮ್ಮ ಫೋನ್ ಮಾತುಕತೆಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. 1964ರ ಮೇ 27ರಂದು ಭದ್ರತಾ ಸಲಹೆಗಾರ ಬಂಡಿಯವರ ಜೊತೆ ಆಡಿದ ಮಾತಿನಲ್ಲಿ, ಈ ಯುದ್ಧ ಮಾಡುವಷ್ಟು ಬೆಲೆಯದಲ್ಲ, ಆದರೆ ಹೊರಬರುವ ದಾರಿಯೂ ಕಾಣುತ್ತಿಲ್ಲ ಎಂದು ಅಧ್ಯಕ್ಷರೇ ಹೇಳುತ್ತಾರೆ. ಯುದ್ಧ ಶುರುವಾಗುವ ಮುಂಚಿನ ಮಾತು ಇದು. 1949ರಲ್ಲಿ ಚೀನಾ ಕಮ್ಯುನಿಸ್ಟರ ವಶವಾದಾಗ ‘ಚೀನಾ ಕಳೆದವರು ಯಾರು’ ಎಂದು ಆಗಿನ ಅಧ್ಯಕ್ಷ ಟ್ರೂಮನ್ ಅವರನ್ನು ಹುರಿದು ಮುಕ್ಕಿದ್ದನ್ನು ಜಾನ್ಸನ್ ಕಣ್ಣಾರೆ ಕಂಡಿದ್ದರು. ವಿಯೆಟ್ನಾಂ ಕಳೆದರೆ ತಮ್ಮ ಸಮಾಜ ಸುಧಾರಣೆಯ ಮಸೂದೆಗಳನ್ನೂ ಸಂಸತ್ತು ಕೊಂದುಹಾಕುತ್ತದೆ ಎಂಬುದು ಅವರ ಲೆಕ್ಕ. ಹೊರಗಿನ ನಾಲ್ಕು ಜನರಿಗಾಗಿ ಹಕ್ಕು ಕೊಟ್ಟವರು ಒಳಗಿನ ನಾಲ್ಕು ಜನರಿಗಾಗಿ ಯುದ್ಧಕ್ಕಿಳಿದರು. ವಿಯೆಟ್ನಾಂ ಪಕ್ಕದ ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ 1964ರ ಆಗಸ್ಟ್ 4ರಂದು ನಡೆಯಿತೆನ್ನಲಾದ, ನಿಜಕ್ಕೂ ನಡೆಯದಿದ್ದ ದಾಳಿಯೊಂದನ್ನು ಮುಂದಿಟ್ಟುಕೊಂಡು ಯುದ್ಧದ ಅಧಿಕಾರ ಕೇಳಿದಾಗ ಸೆನೆಟಿನಲ್ಲಿ ವಿರೋಧಿಸಿದವರು ಇಬ್ಬರೇ ಇಬ್ಬರು.

1968ರ ಕೊನೆಗೆ ವಿಯೆಟ್ನಾಮಿನಲ್ಲಿ ಅಮೆರಿಕದ ಸೈನಿಕರು ಐದು ಲಕ್ಷ ದಾಟಿದ್ದರು. ಯುದ್ಧ ಮತ್ತು ಬಡವರ ಯೋಜನೆ ಎರಡಕ್ಕೂ ಹಣ ಇದೆ ಎನ್ನುತ್ತಿದ್ದ ಸರ್ಕಾರ ಆ ವರ್ಷ ಆದಾಯ ತೆರಿಗೆಯ ಮೇಲೆ ಶೇ 10ರ ಮೇಲ್ತೆರಿಗೆ ಹಾಕಿತು. ಅದಕ್ಕೆ ಪ್ರತಿಯಾಗಿ ಸಂಸತ್ತು 600 ಕೋಟಿ ಡಾಲರ್ ಖರ್ಚು ಕಡಿತ ಕೇಳಿ ಪಡೆಯಿತು. ಮಾರ್ಚ್ 31ರ ರಾತ್ರಿ ಜಾನ್ಸನ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದರು. ಏಪ್ರಿಲ್ 4ರಂದು ಕಿಂಗ್ ಅವರ ಕೊಲೆಯಾಯಿತು.

ನಾಲ್ಕು ಜನರಲ್ಲಿ ಒಬ್ಬರಾಗಿದ್ದ ನಮಗೂ ಆ ಗೌರವ ಪುಕ್ಕಟೆಯಾಗಿ ಸಿಗಲಿಲ್ಲ. 1965, 66ರ ಬರಗಾಲದಲ್ಲಿ ಭಾರತ ಪಿಎಲ್-480 ಎಂಬ ಆಹಾರ ನೆರವು ಯೋಜನೆಯ ಅಮೆರಿಕದ ಗೋಧಿಯನ್ನು ನೆಚ್ಚಿಕೊಂಡಿತ್ತು. ಜಾನ್ಸನ್ ಹಡಗುಗಳನ್ನು ವರ್ಷದ ಲೆಕ್ಕದಲ್ಲಿ ಬಿಡದೆ ತಿಂಗಳ ಲೆಕ್ಕದಲ್ಲಿ, ಒಂದೊಂದಕ್ಕೂ ತಾವೇ ಒಪ್ಪಿಗೆ ಕೊಟ್ಟು ಬಿಡತೊಡಗಿದರು. ಭಾರತದ ಯಾವ ಭಾಗದಲ್ಲಿ ಎಷ್ಟು ಮಳೆ ಬಿತ್ತು ಎಂಬುದನ್ನೂ ಅವರು ಗಮನಿಸುತ್ತಿದ್ದರು. ಕೃಷಿ ನೀತಿ ಬದಲಿಸಿ ಎಂಬುದು ಬಾಯಿಬಿಟ್ಟು ಹೇಳಿದ ಷರತ್ತು. ವಿಯೆಟ್ನಾಮಿನ ಬಗ್ಗೆ ಬಾಯಿ ಮುಚ್ಚಿಕೊಂಡಿರಿ ಎಂಬುದು ಹೇಳದೆ ಹೇಳಿದ ಷರತ್ತು. ಮೊದಲನೆಯದಕ್ಕೆ ಆಗಿನ ಕೃಷಿ ಸಚಿವ ಸಿ. ಸುಬ್ರಮಣ್ಯಂ ಅವರು 1965ರ ನವೆಂಬರಿನಲ್ಲಿ ರೋಮ್‌ನಲ್ಲಿ ಕುಳಿತು ಒಪ್ಪಿ ಬಂದರು. ಹಸಿರು ಕ್ರಾಂತಿಯ ಒಂದು ಬೇರು ಅಲ್ಲಿದೆ. ಎರಡನೆಯದಕ್ಕೆ ಇಂದಿರಾ ಗಾಂಧಿ ಪೂರ್ತಿ ಬಗ್ಗಲಿಲ್ಲ, ಹಡಗು ತಡವಾಗುತ್ತಲೇ ಇದ್ದವು. ಅರವತ್ತೈದು ದಾಟಿದ ಯಾರನ್ನಾದರೂ ಕೇಳಿ ನೋಡಿ, ಶಾಲೆಯಲ್ಲಿ ಕೊಡುತ್ತಿದ್ದ ಅಮೆರಿಕದ ಹಾಲಿನ ಪುಡಿ ಮತ್ತು ಹಳದಿ ಉಪ್ಪಿಟ್ಟಿನ ವಾಸನೆಯನ್ನು ಅವರು ಇನ್ನೂ ಮರೆತಿರುವುದಿಲ್ಲ. ಹೊಲದ ಬದುವಿನ ಕಾಂಗ್ರೆಸ್ ಗಿಡವೂ ಆ ಗೋಧಿಯ ಜೊತೆಗೇ ಬಂತು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ, ಗಿಡದಷ್ಟೇ ಗಟ್ಟಿಯಾಗಿ.

ಆದರೆ ಆ ಆಡಳಿತ ಕನ್ನಡಿಗರನ್ನು ಹೆಚ್ಚು ಮುಟ್ಟಿದ್ದು ಗೋಧಿಯಿಂದಲ್ಲ. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಜಾನ್ಸನ್ ವಲಸೆ ಕಾಯ್ದೆಗೆ ಸಹಿ ಹಾಕಿದರು. 1924ರ ಕಾಯ್ದೆ ಹುಟ್ಟಿದ ದೇಶ ನೋಡಿ ವೀಸಾ ಹಂಚುತ್ತಿತ್ತು. (ಅದರ ಹೆಸರಿನಲ್ಲೂ ಒಬ್ಬ ಜಾನ್ಸನ್ ಇದ್ದಾರೆ; ಬೇರೆ ಜಾನ್ಸನ್.) 1946ರಿಂದ ಭಾರತದ ಪಾಲು ವರ್ಷಕ್ಕೆ ನೂರು ಮಂದಿ, ಒಂದೆರಡು ಬಸ್ಸಿಗೆ ಸಾಲುವಷ್ಟು. ಏಷ್ಯಾದವರಿಗೆ ಬಾಗಿಲು ಮುಚ್ಚಿಕೊಂಡು ಏಷ್ಯಾದ ಸ್ನೇಹ ಕೇಳುವುದು ಹೇಗೆ ಎಂಬ ಮುಜುಗರ ಇಲ್ಲಿಯೂ ಕೆಲಸ ಮಾಡಿತು. ಹೊಸ ಕಾಯ್ದೆ ಕ್ರಾಂತಿಕಾರಿಯೇನಲ್ಲ, ಲಕ್ಷಾಂತರ ಜನರ ಬದುಕನ್ನು ಬದಲಿಸುವುದಿಲ್ಲ ಎಂದು ಜಾನ್ಸನ್ ಅವತ್ತು ಭಾಷಣದಲ್ಲಿ ಹೇಳಿದರು. ರಾಜಕಾರಣಿಯೊಬ್ಬರ ಭವಿಷ್ಯವಾಣಿ ಇಷ್ಟು ಹುಸಿಯಾದದ್ದು ಅಪರೂಪ. ಸಂಬಂಧಿಕರಿಗೆ ಆದ್ಯತೆ ಕೊಟ್ಟರೆ ಈಗಾಗಲೇ ಇರುವ ಯುರೋಪಿಯನ್ನರ ನೆಂಟರಿಷ್ಟರೇ ಬರುತ್ತಾರೆ ಎಂದು ಕಾಯ್ದೆ ಬರೆದವರು ಎಣಿಸಿದ್ದರು. ಯುರೋಪಿನವರು ತಮ್ಮ ಊರಿನಲ್ಲೇ ಸುಖವಾಗಿದ್ದರು, ಬಂದವರು ನಮ್ಮವರು.

ಇಲ್ಲಿ ಜಾನ್ಸನ್ ಅವರ ಮೂರು ಕೈಕೆಲಸಗಳು ಒಂದಕ್ಕೊಂದು ಹೆಣೆದುಕೊಂಡವು. ಮೆಡಿಕೇರ್ ಆಸ್ಪತ್ರೆಗಳನ್ನು ರೋಗಿಗಳಿಂದ ತುಂಬಿಸಿತು, ಯುದ್ಧ ಅಲ್ಲಿನ ಯುವ ವೈದ್ಯರನ್ನು ಸೇನೆಗೆ ಕರೆಸಿಕೊಂಡಿತು, ಹೊಸ ಕಾಯ್ದೆ ಹೊರಗಿನ ವೈದ್ಯರಿಗೆ ದಾರಿ ಬಿಟ್ಟಿತು. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲದಲ್ಲಿ ಓದಿದವರು ವಿಮಾನ ಹತ್ತಿದರು. 1970ರ ದಶಕದಲ್ಲಿ ಅಮೆರಿಕದ ಊರುಗಳಲ್ಲಿ ಹುಟ್ಟಿಕೊಂಡ ಕನ್ನಡ ಕೂಟಗಳ ಯುಗಾದಿ ಊಟಕ್ಕೆ ಒಬ್ಬಟ್ಟು ಬಡಿಸಿದವರಲ್ಲಿ ಈ ವೈದ್ಯರ, ಎಂಜಿನಿಯರುಗಳ ಮನೆಯವರು ಬಹಳ ಮಂದಿ. 1960ರಲ್ಲಿ ಅಮೆರಿಕದಲ್ಲಿದ್ದ ಭಾರತ ಸಂಜಾತರು ಸುಮಾರು 12 ಸಾವಿರ. ಇವತ್ತು ಭಾರತೀಯ ಮೂಲದವರು 50 ಲಕ್ಷ ದಾಟಿದ್ದಾರೆ. ಎಲ್ಲ ದೇಶಕ್ಕೂ ಒಂದೇ ಮಿತಿ ಎಂಬ ಆ ಕಾಯ್ದೆಯ ಸಮಾನತೆಯ ತತ್ವವೇ ಈಗ ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತೀಯರನ್ನು ದಶಕಗಟ್ಟಲೆ ನಿಲ್ಲಿಸಿದೆ. ಐಸ್‌ಲ್ಯಾಂಡಿಗೂ ಭಾರತಕ್ಕೂ ಒಂದೇ ಅಳತೆಯ ಪಾವು.

ಈಗ ಇವತ್ತಿಗೆ ಬರೋಣ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಮಂಡಿಯ ಕೆಳಗೆ ಜಾರ್ಜ್ ಫ್ಲಾಯ್ಡ್ ಸತ್ತಾಗ, ‘ನನಗೆ ಉಸಿರಾಡಲಾಗುತ್ತಿಲ್ಲ’ ಎಂಬ ಅವರ ಮಾತನ್ನೇ ಚೀನಾದ ವಿದೇಶಾಂಗ ವಕ್ತಾರೆ ಟ್ವೀಟ್ ಮಾಡಿ ಅಮೆರಿಕವನ್ನು ಚುಚ್ಚಿದರು. ಬರ್ಮಿಂಗ್‌ಹ್ಯಾಮಿನ ಕಾಲದಲ್ಲಿ ಮಾಸ್ಕೋ ರೇಡಿಯೊ ಮಾಡುತ್ತಿದ್ದದ್ದೂ ಇದನ್ನೇ. ಆದರೆ ಈ ಸಲ ಯಾವ ವಿದೇಶಾಂಗ ಕಾರ್ಯದರ್ಶಿಯೂ ಸೆನೆಟ್ ಸಮಿತಿಯ ಮುಂದೆ ಓಡಲಿಲ್ಲ. ಫ್ಲಾಯ್ಡ್ ಹೆಸರಿನ ಪೊಲೀಸ್ ಸುಧಾರಣಾ ಮಸೂದೆ ಕೆಳಮನೆಯಲ್ಲಿ ಪಾಸಾಗಿ ಸೆನೆಟಿನಲ್ಲಿ ಕೊಳೆಯಿತು.

ಯಾಕೆ ಈ ವ್ಯತ್ಯಾಸ? ಎರಡು ಪಕ್ಷಗಳು ಈಗ ಪೂರ್ತಿ ಬೇರೆ ಬೇರೆ ಊರುಗಳಂತಾಗಿರುವುದು ಒಂದು ಕಾರಣ. 33ರಲ್ಲಿ 27 ಮಂದಿ ಈಗ ಯಾರಿಗೂ ಸಿಗುವುದಿಲ್ಲ. ನನಗೆ ಇನ್ನೂ ಮುಖ್ಯವೆನ್ನಿಸುವ ಕಾರಣ ಬೇರೆ. ಅಂದಿನ ಸ್ಪರ್ಧೆಯ ಪ್ರಶ್ನೆ ‘ಯಾರ ಸಮಾಜ ಮೇಲು’ ಎಂಬುದು. ಇವತ್ತಿನ ಸ್ಪರ್ಧೆಯ ಪ್ರಶ್ನೆ ಚಿಪ್ ಯಾರು ಮಾಡುತ್ತಾರೆ, ಅಪರೂಪದ ಲೋಹಗಳು ಯಾರ ಕೈಯಲ್ಲಿವೆ ಎಂಬುದು. 2022ರ ಚಿಪ್ಸ್ ಕಾಯ್ದೆ ಐದು ಸಾವಿರ ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿಟ್ಟಿತು, ಕಾರ್ಖಾನೆಗಳಿಗೆ. ಪೈಪೋಟಿ ಈಗಲೂ ಅಮೆರಿಕದಲ್ಲಿ ಕಾಯ್ದೆ ಮಾಡಿಸುತ್ತದೆ. ಆ ಕಾಯ್ದೆಯ ಫಲಾನುಭವಿ ಮಾತ್ರ ಮನುಷ್ಯರಿಂದ ಯಂತ್ರಕ್ಕೆ ಬದಲಾಗಿದ್ದಾರೆ. ಚೀನಾವೂ ಯಾರನ್ನೂ ತನ್ನ ಮತಕ್ಕೆ ಸೇರಿಸಿಕೊಳ್ಳಲು ಹೊರಟಿಲ್ಲ. ಬಂದರು ಕಟ್ಟುತ್ತದೆ, ಅಗ್ಗದ ವಿದ್ಯುತ್ ಕಾರು ಮಾರುತ್ತದೆ.

ನೋಡುಗರೇ ಬೇಡವೆಂದ ಮೇಲೆ ರಂಗಸಜ್ಜಿಕೆಯೂ ಬೇಡ. ಸೋವಿಯತ್ ಪೈಪೋಟಿಯ ನಡುವೆ 1961ರಲ್ಲಿ ಕೆನಡಿ ಹುಟ್ಟುಹಾಕಿದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಬಾಗಿಲು ಹಾಕಿತು. ಚೀನಾವನ್ನು ತಡೆಯಲು ಬೇಕಾದ ಗೆಳೆಯ ಎಂದು ಎರಡು ದಶಕ ಹೊಗಳಿಸಿಕೊಂಡ ಭಾರತದ ಸರಕಿಗೆ ಅದೇ ವರ್ಷದ ಆಗಸ್ಟಿನಲ್ಲಿ ಶೇ 50ರ ಸುಂಕ ಬಿತ್ತು. ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ಅಂದರೆ ಸುಮಾರು 88 ಲಕ್ಷ ರೂಪಾಯಿ. ಆ ವೀಸಾದ ಹತ್ತರಲ್ಲಿ ಏಳು ಭಾರತೀಯರಿಗೆ ಹೋಗುತ್ತಿತ್ತು. ಶುಲ್ಕ ಯಾರಿಗೆ ಅನ್ವಯ ಎಂದು ಯಾರಿಗೂ ಗೊತ್ತಿಲ್ಲದೆ, ರಜೆಗೆ ಊರಿಗೆ ಬಂದವರಿಗೆ ಕಂಪನಿಗಳು ‘ನಾಳೆಯೊಳಗೆ ವಾಪಸಾಗಿ’ ಎಂದು ಸಂದೇಶ ಕಳಿಸಿದವು. ಹಳೆಯ ವೀಸಾದವರಿಗೆ ಇದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಮರುದಿನ ಬಂತು. 1965ರಲ್ಲಿ ಇಂಥದೊಂದು ಘೋಷಣೆಗೆ ಮುಂಚೆ ‘ದೆಹಲಿಯಲ್ಲಿ ಏನನ್ನುತ್ತಾರೆ’ ಎಂದು ಕೇಳುವ ಒಬ್ಬ ಅಧಿಕಾರಿಯಾದರೂ ವಾಷಿಂಗ್ಟನ್ನಿನಲ್ಲಿ ಇರುತ್ತಿದ್ದರು. ಒಳ್ಳೆಯತನದಿಂದಲ್ಲ, ಮಾಸ್ಕೋ ಕಿವಿಯಿಟ್ಟಿದೆ ಎಂಬ ಕಾರಣದಿಂದ.

1965ರ ಇನ್ನೊಂದು ಗಂಟು 2025ರಲ್ಲಿ ಬಿಚ್ಚಿಕೊಂಡಿತು. ಆ ವಲಸೆ ಕಾಯ್ದೆ ಏಷ್ಯಾಕ್ಕೆ ಬಾಗಿಲು ತೆರೆಯುವಾಗಲೇ, ಅಲ್ಲಿಯವರೆಗೆ ಸಂಖ್ಯೆಯ ಮಿತಿಯಿಲ್ಲದಿದ್ದ ಮೆಕ್ಸಿಕೊ ಮತ್ತು ಉಳಿದ ಲ್ಯಾಟಿನ್ ಅಮೆರಿಕಕ್ಕೆ ಮೊದಲ ಬಾರಿಗೆ ಮಿತಿ ಹಾಕಿತ್ತು. ಬೆಳೆ ಕೊಯ್ಲಿಗೆ ಬಂದು ಹೋಗುತ್ತಿದ್ದವರು ಕ್ರಮೇಣ ಕಾಗದವಿಲ್ಲದವರಾದರು. ಜಾನ್ಸನ್ ಮೇಷ್ಟರಾಗಿದ್ದ ಕೊಟುಲ್ಲಾದ ಮಕ್ಕಳ ನೆಂಟರೇ ಅವರು ಎನ್ನಬಹುದು. 2025ರ ಜೂನಿನಲ್ಲಿ ಲಾಸ್ ಏಂಜಲೀಸಿನಲ್ಲಿ ಅಂಥವರನ್ನು ಹಿಡಿಯುವ ಕಾರ್ಯಾಚರಣೆಯ ವಿರುದ್ಧ ಜನ ಬೀದಿಗಿಳಿದಾಗ, ಟ್ರಂಪ್ ಗವರ್ನರ್ ಒಪ್ಪಿಗೆಯಿಲ್ಲದೆ ಕ್ಯಾಲಿಫೋರ್ನಿಯಾದ ನ್ಯಾಷನಲ್ ಗಾರ್ಡ್ ಎಂಬ ರಾಜ್ಯದ ಮೀಸಲು ಪಡೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಗವರ್ನರ್ ಕೇಳದೆ ಅಧ್ಯಕ್ಷರೊಬ್ಬರು ಹೀಗೆ ಮಾಡಿದ್ದು ಅದಕ್ಕೆ ಮುಂಚೆ ಯಾವಾಗ ಎಂದು ಪತ್ರಿಕೆಗಳು ಹುಡುಕಿದಾಗ ಸಿಕ್ಕ ದಿನಾಂಕ 1965ರ ಮಾರ್ಚ್ 20. ಜಾಗ ಅಲಬಾಮಾ. ಅವತ್ತು ಜಾನ್ಸನ್ ಕರೆಸಿಕೊಂಡ ಸುಮಾರು 1,900 ಮಂದಿ ಸೈನಿಕರು ಅದೇ ರಾಜ್ಯದ ಬಿಳಿಯ ಹುಡುಗರು. ಅವರಲ್ಲಿ ಅನೇಕರಿಗೆ ಆ ಕೆಲಸ ಸುತರಾಂ ಇಷ್ಟವಿರಲಿಲ್ಲ. ಆದರೂ ಸೆಲ್ಮಾದಿಂದ ಮಾಂಟ್ಗೊಮರಿಗೆ 87 ಕಿಲೊಮೀಟರ್ ನಡೆದವರ ಪಕ್ಕದಲ್ಲಿ, ಐದು ದಿನ, ಹೆದ್ದಾರಿಯ ಅಂಚಿನಲ್ಲಿ ಅವರು ಕಾವಲು ನಿಂತಿದ್ದರು.